ಜ್ವರ ಇಳಿದ ದಿನ

ಮೂರು ದಿನ ಮೈ ಕಾದ ಓಡು.
ಸಾನಿಕಾಳ ಹಣೆಗೆ ಒದ್ದೆ ಬಟ್ಟೆ ಹಾಕಿದರೆ
ಎರಡು ಸಲ ಉಸಿರಾಡುವಷ್ಟರಲ್ಲಿ ಬೆಚ್ಚಗೆ.
ಆದರೂ ಆಗೆಲ್ಲ ಅತ್ತಳು, ಬೈದಳು,
ಗುಲಾಬಿ ಬಣ್ಣದ ಔಷಧಿಯನ್ನು ನನ್ನ ಸೀರೆಗೇ ಉಗಿದಳು,
ಗಂಜಿ ಬೇಡ, ಖಾರಿ ಬಿಸ್ಕೆಟ್ ಬೇಕೆಂದು ಹಟ ಹಿಡಿದಳು.
ಹಟ ಇರುವ ತನಕ ನನಗೆ ಹೆದರಿಕೆ ಇರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಜ್ವರ ಇಳಿಯಿತು.
ಪಕ್ಕದ ಮನೆಯ ದುರ್ಗಿ ಬಂದು ಹಣೆ ಮುಟ್ಟಿ
"ಬಿಡ್ತಲ್ಲೇ! ಇನ್ನೆಂತ, ಬುಟ್ಟಿ ಹೊರು" ಅಂದಳು.
ಮಗ ರಾತ್ರಿಯೇ ಬೋಟಿಗೆ ಹೋಗಿದ್ದ.
ಸೊಸೆ ಮೂರು ರಾತ್ರಿಯ ನಿದ್ದೆಯನ್ನು
ಗೋಡೆಗೆ ಒರಗಿಯೇ ಮಾಡಿ ಮುಗಿಸುತ್ತಿದ್ದಳು.
ಮುದಗಾ ಬಂದರಿನಲ್ಲಿ ಬಂಗಡೆ ಬಿದ್ದಿತ್ತು.
ಎರಡು ಬುಟ್ಟಿ ತುಂಬಿಸಿ, ಐಸು ಚೆಲ್ಲಿ,
ಟೆಂಪೋ ಹತ್ತುವ ಮೊದಲು ಒಮ್ಮೆ ನೋಡಿ ಹೋಗೋಣ ಅಂತ ಬಂದೆ.

ಬೆಕ್ಕು ಬಂತು. ಬುಟ್ಟಿಗೆ ಬಾಯಿ ಹಾಕಿತು.
ದಿನವೂ ಕೋಲು ಹಿಡಿದು ಅಟ್ಟುವವಳು
ಚಾಪೆಯ ಮೇಲಿಂದ ಬೆಕ್ಕನ್ನು ನೋಡಿದಳು.
ನೋಡಿದಳು, ಅಷ್ಟೇ.

ನಲವತ್ತು ವರ್ಷದ ಕಸುಬು ನನ್ನದು.
ಗಿರಾಕಿಗಳು ಬೆನ್ನು ಮುಟ್ಟಿ ನೋಡುತ್ತಾರೆ,
ತಣ್ಣಗಿದೆ, ತಾಜಾ ಇದೆ ಅನ್ನುತ್ತಾರೆ.
ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ.
ತಣ್ಣಗಿರುವುದು ಐಸಿನ ಗುಣ, ಮೀನಿನದಲ್ಲ.
ಮೀನನ್ನು ಕೇಳಬೇಕಾದದ್ದು ಕಣ್ಣಿನಲ್ಲಿ,
ಕಿವಿರಿನ ಕೆಂಪಿನಲ್ಲಿ,
ಒತ್ತಿದ ಬೆರಳು ಎತ್ತಿದ ಮೇಲೆ ಉಳಿಯುವ ಗುಳಿಯಲ್ಲಿ.

ಥೂ, ಕೂಸಿಗೂ ಮೀನಿಗೂ ಹೋಲಿಕೆಯೇ
ಅಂತ ನನ್ನ ಬಾಯಿಗೆ ನಾನೇ ಹೊಡೆದುಕೊಂಡೆ.
ಆದರೆ ಕೈ ಕೇಳಲಿಲ್ಲ.
ಕೈಗೆ ಗೊತ್ತಿರುವುದು ಅದೊಂದೇ ವಿದ್ಯೆ.

ಹಣೆ ಬಿಟ್ಟು ಪಾದ ಮುಟ್ಟಿದೆ:
ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹಾಗೆ.
ಹೊಟ್ಟೆ ಮುಟ್ಟಿದರೆ ಮುಖ ಹಿಂಡಿದಳು, ದನಿ ಹೊರಡಲಿಲ್ಲ.
ಅತ್ತ ಹಾಗಾಯಿತು; ಕಣ್ಣಲ್ಲಿ ನೀರಿಲ್ಲ.
ಚಡ್ಡಿ ಒಣಗಿತ್ತು. ನಿನ್ನೆ ಸಂಜೆಯದೇ ಚಡ್ಡಿ.
ಹೆಬ್ಬೆರಳ ಉಗುರನ್ನು ಒತ್ತಿ ಹಿಡಿದು ಬಿಟ್ಟೆ,
ಬೆಳ್ಳಗಾದದ್ದು ಕೆಂಪಾಗಲಿ ಅಂತ ಕಾದೆ.
ಬಾಯಿ ರೂಢಿಯಂತೆ ಎಣಿಸಿತು:
ಲಾಭ,
ಎರಡು,
ಮೂರು,
ನಾಲ್ಕು,
ಇನ್ನೂ ಬೆಳ್ಳಗೇ.

ಬುಟ್ಟಿ ಅಲ್ಲೇ. ಬೆಕ್ಕಿಗೆ ಹಬ್ಬ.
ಸೊಸೆಯ ಹೆಗಲು ಅಲುಗಿಸಿ ಎಬ್ಬಿಸಿದೆ.
ಮೀನಿನ ಟೆಂಪೋದಲ್ಲೇ, ಡಬ್ಬಗಳ ನಡುವೆ,
ಬಿಣಗಾ ಘಾಟಿ ಹತ್ತುವಾಗ
ಡ್ರೈವರ್ ವಿಠೋಬ ಕೇಳಿದ: ಎಷ್ಟಿದೆ ಜ್ವರ?
ಇಲ್ಲ, ಅಂದೆ.
ಜ್ವರವಿಲ್ಲದ ಕೂಸಿಗೆ ಇಷ್ಟು ಅವಸರವೇ ಅಂತ
ಅವನು ಕೇಳಲಿಲ್ಲ; ಕನ್ನಡಿಯಲ್ಲಿ ನನ್ನ ಮುಖ ನೋಡಿದವನು
ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ.

ಕಾರವಾರದ ದೊಡ್ಡಾಸ್ಪತ್ರೆಯಲ್ಲಿ ಚೀಟಿ ಬರೆಯುವವಳು
"ಜ್ವರ ಇಲ್ವಲ್ಲಮ್ಮ, ಅಲ್ಲಿ ಕೂತ್ಕೊಳ್ಳಿ" ಅಂದಳು.
ಕೂರಲಿಲ್ಲ. ಪೇಟೆಯಲ್ಲಿ ಮೀನು ಕೂಗುವ ದನಿಯಲ್ಲೇ ಕೂಗಿದೆ:
ಪಾದ ತಣ್ಣಗಿದೆ, ಉಚ್ಚೆ ಹೊಯ್ದಿಲ್ಲ, ಬೆಕ್ಕನ್ನು ಓಡಿಸಲಿಲ್ಲ!
ಸಣ್ಣ ವಯಸ್ಸಿನ ಡಾಕ್ಟರಮ್ಮ ಪರದೆ ಸರಿಸಿ ಬಂದಳು.
ಬೆಕ್ಕಿನ ಮಾತಿಗೆ ನಗಲಿಲ್ಲ.
ಉಗುರು ಒತ್ತಿದಳು. ಅವಳೂ ಎಣಿಸಿದಳು, ತುಟಿಯಲ್ಲೇ.

ಡೆಂಗಿ ಅಂದರು. ಇದರಲ್ಲಿ ಜ್ವರ ಇಳಿದ ಮೇಲೇ
ಕಣ್ಣಿಟ್ಟು ಕಾಯಬೇಕು ಅಂದರು.
ಸೊಸೆ ತಿರುತಿರುಗಿ ಕೇಳಿದಳು: ಇಳಿದ ಮೇಲೆಯಾ?

ಬಾಟಲಿ ಹನಿಯುತ್ತಿತ್ತು ರಾತ್ರಿಯಿಡೀ.
ಮಡಿಲಲ್ಲಿ ಮಲಗಿಸಿಕೊಂಡು ಪಾದ ಹಿಡಿದು ಕೂತಿದ್ದೆ,
ಮೀನು ನಾರುವ ಕೈಯಲ್ಲಿ;
ಸಿಸ್ಟರ್ ಬೆನೆಡಿಕ್ಟಾ ಎರಡು ಸಲ ಸೋಪು ಕೊಟ್ಟರು.
ಹೊರಗೆ ಅಂಕೋಲೆಯ ಮೊದಲ ಬಸ್ಸು ಹೊರಡುವ ಹೊತ್ತಿಗೆ
ಮಡಿಲು ಬೆಚ್ಚಗಾಯಿತು. ಒದ್ದೆ.
ಸೀರೆ, ಲಂಗ, ಕಾಲಿನ ತನಕ.
ಸೊಸೆಯನ್ನು ಕೂಗಿದೆ, ಸಿಸ್ಟರನ್ನು ಕೂಗಿದೆ,
ಪಕ್ಕದ ಮಂಚದವರನ್ನೂ ಎಬ್ಬಿಸಿದೆ:
ಹೊಯ್ದಳು! ಹೊಯ್ದಳು!

ಸಾನಿಕಾ ಕಣ್ಣು ಬಿಟ್ಟು
ಕೂಗಬೇಡ ಅಂದಳು.
ಸಿಟ್ಟಿನಲ್ಲಿ.