ಫರ್ಸಿಯ ಕೆಳಮೈ

ಎರಡು ಕಿಲೋ ಮೊಳಿ ಕಟ್ಟಿಕೊಡೋ ಪೇಪರಿನ್ಯಾಗ
ಓದಿದೆ ಆ ಪ್ರಕಟಣೆ. ಗಿರಾಕಿ ಕೈ ಚಾಚಿ ನಿಂತಿದ್ದ.
ತಡಿಯಪಾ ಒಂದ್ನಿಮಿಷ ಅಂದು
ಮೊಳಿ ಬ್ಯಾರೆ ಪೇಪರಿಗೆ ಸುರುವಿ ಕೊಟ್ಟೆ.

ಅಲ್ಪಾವಧಿ ಟೆಂಡರ್.
ಚಿತ್ತಾಪುರ ಬಸ್ ನಿಲ್ದಾಣದ ನವೀಕರಣ ಕಾಮಗಾರಿ.
ಹಳೆಯ ನೆಲಹಾಸು ತೆಗೆದು ವಿಟ್ರಿಫೈಡ್ ಟೈಲ್ಸ್ ಅಳವಡಿಸುವುದು.
ತೆಗೆದ ಕಲ್ಲುಗಳ ವಿಲೇವಾರಿಗೆ ಪ್ರತ್ಯೇಕ ದರ,
ಮೊಹರು ಮಾಡಿದ ಲಕೋಟೆಯಲ್ಲಿ.
ಇದ್ದಲ್ಲಿ, ಇದ್ದಂತೆ.

ಇದ್ದಲ್ಲಿ, ಇದ್ದಂಗ.
ನಮ್ಮವ್ವ ಯಂಕವ್ವನೂ ಹಂಗೇ ಇದ್ದಾಕಿ,
ಶಹಾಬಾದ ಖಣಿಯಾಗ, ಮೊಣಕಾಲಮಟ ನೀರಾಗ,
ಪದರಿಗೊಂದು ಪದರು ಎಬ್ಬಿಸಿ
ಮೂಲಿ ಹೊಡದು ಚೌಕ ಮಾಡೋಳು.
ಆ ಬಸ್ ಸ್ಟ್ಯಾಂಡಿನ ಕಲ್ಲು ಆಕಿ ತಗದವು,
ಆಕಿ ಹಾಸಿದವು.
ಗುತ್ತೇದಾರ ಅರ್ಧಾ ರೊಕ್ಕ ಕೊಟ್ಟ.
ಉಳದದ್ದು ಬಿಲ್ ಪಾಸಾಗ್ಲಿ ಅಂದ.
ಬಿಲ್ ಪಾಸಾತು.
ಆಮ್ಯಾಲ ಅಂವನೂ ಪಾಸಾದ.

ಬರಿಯಾಕ ಬರ್ತಿದ್ದಿಲ್ಲ ಆಕಿಗೆ.
ರೊಕ್ಕ ಬರದ ಒಂದೊಂದು ಬ್ರಾಸಿಗೂ
ಒಂದು ಕಲ್ಲಿನ ಬೆನ್ನಿಗೆ ಚಾಣದಲೆ ಒಂದು ಗೀಟು ಹೊಡದು
ಗೀಟು ಮಣ್ಣಿಗೆ ಮಾಡಿ ಹಾಸಿದ್ಳಂತ.
ಮೂವತ್ತೆರಡು ಗೀಟು.
ಹಾಸಿಗಿ ಹಿಡದ ಮ್ಯಾಲೂ, ಮಕ್ಕಳ ಹೆಸರು ಮರತ ಮ್ಯಾಲೂ
ಮೂವತ್ತೆರಡು.

ಅದರ ಮ್ಯಾಲ ನಲವತ್ತು ವರ್ಷ
ವಾಡಿ ಕಾರ್ಖಾನಿ ಶಿಫ್ಟಿನವರು ಓಡಿದ್ರು,
ತೊಗರಿ ಚೀಲ ಇಳದವು, ಹೊಸ ಸೊಸಿ ಟ್ರಂಕು ಇಳದವು,
ಕಂಡಕ್ಟರ್ ಎಲಿ ಅಡಕಿ ಉಗುಳಿದ.
ನಾನೂ ತುಳದೀನಿ, ಎಷ್ಟು ಸಲ,
ಬಸ್ಸು ತಪ್ಪತದ ಅನ್ನೋ ಅವಸರದಾಗ.

ರಾತ್ರಿ ದುಕಾನದ ಶಟರ್ ಅರ್ಧಾ ಇಳಿಸಿ ಲೆಕ್ಕಕ್ಕ ಕೂತೆ.
ಸವದ ಫರ್ಸಿ, ಫೂಟಿಗೆ ಹನ್ನೊಂದು ಅಂದ್ರ ಭಾಳಾತು.
ಟ್ರ್ಯಾಕ್ಟರ್ ಬಾಡಿಗಿ, ಹಮಾಲಿ, ಒಡದು ಹೋಗೋವು.
ಹದಿನೇಳು ಅಂತ ಬರದೆ.
ಎಂಟು ವರ್ಷದಿಂದ ಸಿಮೆಂಟು, ಸಲಾಕಿ, ಬೈಂಡಿಂಗ್ ವಾಯರು ಮಾರೋಳು ನಾನು.
ಇದು ವ್ಯಾಪಾರ ಅಲ್ಲ ಅಂಬೋದು ನನಗ ಗೊತ್ತದ.
ಅಂಟು ಹಚ್ಚಿ, ಅರಗು ಕರಗಿಸಿ,
ಲಕೋಟೆ ಬಾಯಿ ಮುಚ್ಚಿದೆ.

ಮೂರೇ ಲಕೋಟೆ. ನಂದು ಕಡೀಕ ಒಡದ್ರು.
ಇಂಜಿನಿಯರ್ ಸಾಹೇಬ ಚಸ್ಮಾ ಏರಿಸಿ ನೋಡಿ
"ತಿಪ್ಪವ್ವಾರ, ಹಿಂಗ್ಯಾಕ ದರಾ ಹಾಕೀರಿ?
ಕೆಳಗ ನಿಧಿ ಅದ ಏನು?"
"ಬಾಕಿ ಅದರಿ" ಅಂದೆ.
ಎಲ್ಲಾರೂ ನಕ್ಕರು. ನಾನೂ ನಕ್ಕೆ.
ಚಹಾ ತರಿಸಿದ್ರು.

ನಾಕು ಟ್ರಿಪ್ಪು ಬಂದು ಬಿದ್ದವು ಅಂಗಳಕ್ಕ.
ನೀರು ಹೊಡದು, ತೆಂಗಿನ ನಾರಿನಲೆ ತಿಕ್ಕಿ
ಒಂದೊಂದೇ ಬೋರಲ ಹಾಕಿದೆ.
ಮೂರು ದಿನ. ಗೀಟು ಸಿಕ್ಕಿದ್ದು ಹತ್ತೊಂಬತ್ತು.
ಉಳದವು ಜೆಸಿಬಿ ಹಲ್ಲಿಗೆ ಪುಡಿಯಾದವೋ
ಅವ್ವ ಒಂದೀಟು ಹೆಚ್ಚಿಗಿ ಹೇಳಿದ್ಳೋ,
ಯಾರನ್ನ ಕೇಳಲಿ.
ಒಂದು ಕಲ್ಲಿನ ಮ್ಯಾಲ ಅರ್ಧಾ ಗೀಟು.
ಅವತ್ತು ಏನಾಗಿತ್ತೋ. ಮಳಿ ಬಂತೋ,
ನಾ ಹುಟ್ಟಿದ್ನೋ.

ಹಗರಾಗಿ ಮಾರಿದೆ. ದನದ ಕೊಟ್ಟಿಗಿಗೆ ಕೆಲವು,
ಬಚ್ಚಲಕ್ಕ ಕೆಲವು.
ಯಾವ ಮೈ ಮ್ಯಾಲ ಮಾಡ್ಬೇಕವ್ವಾ ಅಂದವರಿಗೆ
ನಿಮ್ಮ ಮರ್ಜಿ ಅಂದೆ.
ಅರ್ಧಾ ಗೀಟಿಂದು ಮಾತ್ರ ದುಕಾನದಾಗ ಉಳೀತು,
ಅದರ ಮ್ಯಾಲೀಗ ತಕ್ಕಡಿ ಇಟ್ಟೀನಿ.

ಈ ಮುಂಜಾನಿ ಟೈಲ್ಸಿನ ಕೆಲಸ ಹಿಡದ
ಕೋರವಾರದ ಅಯ್ಯಣ್ಣ ಬಂದ, ಬುಲೆಟ್ ಮ್ಯಾಲ.
ಇನ್ನೂರು ಚೀಲ ಸಿಮೆಂಟು ಬೇಕು,
ಇವತ್ತೇ ಕಳಿಸ್ರಿ ಅಂದ.
ರೊಕ್ಕ?
ಬಿಲ್ ಪಾಸಾಗ್ಲೆವ್ವಾ, ಎಲ್ಲಿಗಿ ಓಡಿ ಹೋಗ್ತೀನಿ.

ಉದ್ರಿ ಖಾತೆ ಬುಕ್ಕು ತಗದೆ.
ಪೆನ್ನು ತಗದೆ.
ನಲವತ್ತು ಚೀಲ ಕೊಡ್ತೀನಿ ಸದ್ಯಕ್ಕ, ಅಂದು
ಬುಕ್ಕು ಮುಚ್ಚಿ
ಚಾಣ ಎಲ್ಲದಲೇ ಅಂತ
ಹುಡುಗನ್ನ ಕೇಳಿದೆ.