ಎರಡು ವೈ

ಹಳೆಯ ಸರ್ವರಿಗೆ ಲೋಕಪಾವನಿ ಎಂದು ಹೆಸರಿಟ್ಟವರು
ಯಾರೋ ಗೊತ್ತಿಲ್ಲ. ಹೊಸದಕ್ಕೆ ನಾನೇ ಇಟ್ಟೆ, ಶಿಂಷಾ.
ಮದ್ದೂರು ದಾಟಿ ಒಳಗೆ, ನಮ್ಮ ಸಕ್ಕರೆ ಕಾರ್ಖಾನೆಯ
ರೆಕಾರ್ಡ್ ರೂಮಿನ ಮೂಲೆಯಲ್ಲಿ ಎರಡೂ ಅಕ್ಕಪಕ್ಕ,
ಒಂದು ಏದುಸಿರು ಬಿಡುತ್ತ, ಇನ್ನೊಂದು ಸದ್ದೇ ಇಲ್ಲದೆ.
ಮುಚ್ಚಳ ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ ಹನ್ನೆರಡು ವರ್ಷದ
ರಚ್ಚಿನ ಧೂಳು, ಪಾಕದ ಹಾಗೆ ಅಂಟು.

ಶನಿವಾರ ರಾತ್ರಿ ಹತ್ತಕ್ಕೆ ಶುರು.
ಐದು ಅಧಿಕಾರಗಳನ್ನು ಒಂದೊಂದಾಗಿ ಇಳಿಸಿಕೊಳ್ಳಬೇಕು,
ಹಿರಿಯಳ ಸೊಂಟದಿಂದ ಬೀಗದಕೈ ಗೊಂಚಲು
ಬಿಚ್ಚಿಕೊಂಡ ಹಾಗೆ, ಎಚ್ಚರವಾಗದ ಹಾಗೆ.
ಆಮೇಲೆ ಟಪಾಲು. ನೂರಾ ನಲವತ್ತೊಂದು ಪೆಟ್ಟಿಗೆ.
ಛೇರ್ಮನ್ನರದು ಬೇಗ ಬಂತು, ಒಳಗೆ ಏನೂ ಇರಲಿಲ್ಲ.
ಕಬ್ಬು ವಿಭಾಗದ ಪುಟ್ಟಮಾದಮ್ಮನದು ತೊಂಬತ್ತೈದಕ್ಕೆ ಬಂದು
ನಿಂತೇಬಿಟ್ಟಿತು. ಹತ್ತು ವರ್ಷದಿಂದ ಒಂದನ್ನೂ ಅಳಿಸಿಲ್ಲ ಆಕೆ.
ಕಟಾವಿಗೆ ಅನುಮತಿ, ಅದರ ತಿದ್ದುಪಡಿ, ತಿದ್ದುಪಡಿಯ ತಿದ್ದುಪಡಿ,
ಯುಗಾದಿಯ ಶುಭಾಶಯ, ಜೊತೆಗೊಂದು ಬೇವುಬೆಲ್ಲದ ಚಿತ್ರ.
ಎಲ್ಲರಿಗೂ ಕಳಿಸಿದ್ದು, ಎಲ್ಲರ ಪೆಟ್ಟಿಗೆಯಲ್ಲೂ ಇದ್ದದ್ದು,
ಆ ಒಂದೇ ಬೇವನ್ನು ನೂರಾ ನಲವತ್ತೊಂದು ಸಲ ಹೊತ್ತೆ.

ಕಾವಲಿನ ತಿಬ್ಬಯ್ಯ ಫ್ಲಾಸ್ಕಿನಲ್ಲಿ ಟೀ ತಂದು
‘ಇಲ್ಲಿಂದ ಅಲ್ಲಿಗೆ ಮೂರಡಿ, ಇನ್ನೂ ಎಷ್ಟೊತ್ತು?’ ಅಂದ.
ಉತ್ತರ ಇರಲಿಲ್ಲ. ಟೀ ಕುಡಿದೆ.

ಒಂದೂವರೆಗೆ ನಿವೃತ್ತರ ಖಾತೆಗಳನ್ನು ಅಳಿಸಿದೆ.
ಪಟ್ಟಿ ಆಡಳಿತ ಶಾಖೆಯದು, ಸಹಿ ಇತ್ತು, ಮುದ್ರೆ ಇತ್ತು.
ಒಂದು ಮೂವತ್ತೆಂಟಕ್ಕೆ ಗೇಟಿನಿಂದ ಫೋನು:
ವೇಬ್ರಿಡ್ಜ್ ನಿಂತಿದೆ.

ಕಿಟಕಿಯಿಂದ ಕಂಡಿತು. ಟ್ರ್ಯಾಕ್ಟರುಗಳ ಸಾಲು, ಎತ್ತಿನ ಗಾಡಿಗಳು,
ನಾಲೆ ಏರಿಯವರೆಗೂ ಚಳಿಗೆ ಹಾಕಿದ ಸಣ್ಣ ಸಣ್ಣ ಬೆಂಕಿ.
ಕಾದಷ್ಟೂ ಕಬ್ಬು ಹಗುರ, ಅದು ಎಲ್ಲರಿಗೂ ಗೊತ್ತು.
ಯಾರೋ ಬೈಯತೊಡಗಿದ್ದರು,
ಯಂತ್ರವನ್ನಲ್ಲ, ನೇರ ನನ್ನನ್ನೇ.

ಹುಡುಕಿದೆ. ತೂಕದ ಲೆಕ್ಕವೆಲ್ಲ ನಡೆಯುತ್ತಿದ್ದದ್ದು
ಒಬ್ಬ ಗುಮಾಸ್ತರ ಹೆಸರಲ್ಲಿ. ಎಸ್. ಕೆ. ಜವರಾಯಿ.
ನಿವೃತ್ತರಾಗಿ ಏಳು ವರ್ಷ. ಅವತ್ತಿನಿಂದಲೂ ಪ್ರತಿ ರಾತ್ರಿ
ಪ್ರತಿ ಗಾಡಿಗೂ ಅವರೇ ಲಾಗಿನ್ ಆಗುತ್ತಿದ್ದರು.
ಅದೇ ಹೆಸರನ್ನು ಮತ್ತೆ ಹುಟ್ಟಿಸಬಲ್ಲೆ,
ಪಾಸ್‌ವರ್ಡೂ ಅದೇ ಆಗಬೇಕಲ್ಲ. ಅದನ್ನು ಪ್ರೋಗ್ರಾಮಿನ
ಹೊಟ್ಟೆಯೊಳಗಿಟ್ಟು ಹೊಲಿದುಬಿಟ್ಟಿದ್ದಾರೆ;
ಹೊಲಿದ ಕಂಪನಿಗೆ ಈಗ ಬೋರ್ಡೂ ಇಲ್ಲ.

ಎರಡು ಗಂಟೆಗೆ ಫೋನ್ ಮಾಡಿದೆ. ಮೂರನೇ ರಿಂಗಿಗೇ ಎತ್ತಿದರು.
‘ನಿದ್ದೆ ಎಲ್ ಬತ್ತದೆ ಮಗಾ, ಯೋಳು.’
ಹೇಳಿದೆ. ಸ್ವಲ್ಪ ಹೊತ್ತು ಬರೀ ಉಸಿರು.
‘ನಾನಿನ್ನೂವೆ ಅಲ್ಲೇ ಇದ್ನಾ?’
ಇದ್ದಿರಿ ಸಾರ್, ರಾತ್ರಿ ಪಾಳಿ.
‘ಸಂಬ್ಳ ಕೊಟ್ಟಿಲ್ವಲ್ಲ ಮತ್ತೆ!’
ನಗು ಕೆಮ್ಮಾಗಿ, ಕೆಮ್ಮು ನಿಲ್ಲುವವರೆಗೆ ಕಾದು ಕೇಳಿದೆ.
‘ನಮ್ಮೆತ್ತಿನ ಹೆಸ್ರು ಕಣವ್ವ. ಕರಿಯ. ಇಂಗ್ಲೀಷಲ್ಲಿ.
ವೈ ಎರಡ್ ಸಲ ಒತ್ತು.’
ಯಾಕೆ ಎರಡು?
‘ಮೊದಲ್ನೇ ದಿನ ಕೈ ತಪ್ತು.
ಆಮೇಲೆ ಅದೇ ಸರಿ ಆಗೋಯ್ತು.’

ಒತ್ತಿದೆ. ಕರಿಯನಿಗೆ ಎರಡು ವೈ.
ಗೇಟಿನಲ್ಲಿ ಕೆಂಪು ಅಂಕಿಗಳು ಹೊತ್ತಿಕೊಂಡವು.
ಮೊದಲ ಗಾಡಿ, ಎರಡು ಟನ್ನು ಮುನ್ನೂರ ನಲವತ್ತು.
ಅವರಿನ್ನೂ ಫೋನಿನಲ್ಲೇ ಇದ್ದರು. ‘ಎಷ್ಟ್ ಬಂತು?’
ಹೇಳಿದೆ.
‘ಗಾಡಿ ತೂಕ ಕಳುದ್ಯಾ?’
ಕಳೆಯುತ್ತದೆ ಸಾರ್, ನಿಮ್ಮ ಹೆಸರಲ್ಲೇ ಕಳೆಯುತ್ತದೆ.

ಬೆಳಗಿನ ಆರಕ್ಕೆ ಲೋಕಪಾವನಿಯ ಗುಂಡಿ ಒತ್ತಿಹಿಡಿದೆ.
ಫ್ಯಾನು ತಕ್ಷಣ ನಿಲ್ಲಲಿಲ್ಲ, ಎರಡು ಸುತ್ತು ಹೆಚ್ಚಿಗೆ ತಿರುಗಿತು.
ವಿಳಾಸ ಬದಲಾದ ಸುದ್ದಿ ಎಲ್ಲ ಕಡೆ ಮುಟ್ಟಲು ಇನ್ನೆರಡು ದಿನ;
ಅಲ್ಲಿವರೆಗೆ ಕೆಲವು ಕಾಗದ ಹಳೆ ಬಾಗಿಲನ್ನೇ ತಟ್ಟಬಹುದು.
ವರದಿಯಲ್ಲಿ ಬರೆದೆ, ನಿವೃತ್ತರ ಖಾತೆ ಹತ್ತೊಂಬತ್ತು,
ಅಳಿಸಿದ್ದು ಹದಿನೆಂಟು. ಷರಾ ಕಾಲಂ ಖಾಲಿ ಬಿಟ್ಟೆ.

ತಿಬ್ಬಯ್ಯ ಲೋಟ ತೊಳೆಯುತ್ತ ಕೇಳಿದ,
‘ಆಯ್ತಾ, ಮೂರಡಿ?’