ಕಾಲು ಸುತ್ತು

ಬೂಸಾನಿನ ಪಡುವಣ ಅಂಚಿನ ನೋಕ್ಸಾನ್‌ನಲ್ಲಿ
ಚಿಟ್ಟೆಗೂ ನಾಬಿ ಅನ್ನುತ್ತೇವೆ, ಬೆಕ್ಕಿಗೂ ನಾಬಿ.
ನಮ್ಮ ಕಾರ್ಖಾನೆಯ ಬೂದು ಬೆಕ್ಕು
ಸಾವಿರದಿನ್ನೂರು ಮಿಲಿಮೀಟರ್ ಬಾಯಿಯ ಚಿಟ್ಟೆ ವಾಲ್ವಿನೊಳಗೆ
ಉಕ್ಕಿನ ತಟ್ಟೆಗೆ ಬೆನ್ನು ಆನಿಸಿ ಮಲಗುತ್ತದೆ.
ಕೊಂಡರೆ ಲಕ್ಷಗಟ್ಟಲೆ, ಮಲಗಿದರೆ ಪುಕ್ಕಟೆ.

ನಾನು ಪ್ಯೋ ಜಿನ್‌ತೇ. ಮಾರಾಟ ವಿಭಾಗ, ಮೂರನೆಯ ಮಹಡಿ.
ಮುಂದಿನ ಹತ್ತು ವರ್ಷ ಹೇಗಿರುತ್ತವೆಂದು
ಗುರುವಾರದೊಳಗೆ ಹೇಳಬೇಕು, ನಲವತ್ತು ಸ್ಲೈಡಿನಲ್ಲಿ.
ಗೆರೆ ಏರಬೇಕು. ಆದರೆ ನಂಬುವ ಹಾಗೆ ಏರಬೇಕು,
ನಡುವೆ ಒಂದು ಕಡೆ
ಸುಸ್ತಾಗಿ ಮೆಟ್ಟಿಲ ಮೇಲೆ ಕೂತಂತೆ ಕಾಣಬೇಕು.

ಬರೆದೆ:
ಮರಳುಗಾಡಿನ ಊರುಗಳು ಕಡಲನ್ನು ಸೋಸಿ ಕುಡಿಯುತ್ತವೆ,
ಅವರಿಗೆ ಬಾಯಾರಿದಷ್ಟು ದಿನ ನಮಗೆ ಅನ್ನ.
ಅನಿಲ ಹೊರುವ ಹಡಗಿಗೆ
ಸೊನ್ನೆಯ ಕೆಳಗೆ ನೂರ ಅರವತ್ತಮೂರರಲ್ಲೂ
ಸೆಟೆದುಕೊಳ್ಳದ ಕೀಲು ಬೇಕು.
ಜಲಜನಕ ಬರುತ್ತದಂತೆ;
ಬಂದೇ ಬರುವೆನೆಂದ ದೂರದ ನೆಂಟ,
ತಟ್ಟೆ ಇಟ್ಟು ಕಾದಿದ್ದೇವೆ, ಸಾರು ಆರುತ್ತಿದೆ.
ಪಕ್ಕದ ದೇಶದವರು ಅರ್ಧ ಬೆಲೆಗೆ ಮಾರುತ್ತಾರೆ:
ಅದನ್ನು ತಿಳಿಹಳದಿಯಲ್ಲಿ, ಸಣ್ಣಕ್ಷರದಲ್ಲಿ, ಮೂಲೆಗೆ.

ಮೂವತ್ತೊಂದನೆಯ ಸ್ಲೈಡು:
ತನ್ನ ಸೋರಿಕೆಯನ್ನು ತಾನೇ ವರದಿ ಮಾಡುವ ವಾಲ್ವು.
ಪರೀಕ್ಷೆಯ ಖರ್ಚಿನಲ್ಲಿ ಉಳಿತಾಯ, ನಾಲ್ಕು ಜನ.

ಅಲ್ಲಿಗೊಂದು ಫೋಟೋ ಬೇಕಿತ್ತು. ಕೆಳಗಿಳಿದೆ.

ನಾಲ್ಕು ಜನ ಅಂದರೆ
ಊಟಕ್ಕೆ ಹೋಗಿದ್ದ ಇಬ್ಬರು ಹುಡುಗರು,
ನೇಪಾಳದ ಘರ್ತಿ,
ಮತ್ತು ಗು ಮಲ್‌ಸುನ್. ಅರವತ್ತೊಂದು ವರ್ಷ,
ಹಳೆಯ ಕಿಮ್ಚಿ ಡಬ್ಬಿಯಲ್ಲಿ ಸೋಪಿನ ನೊರೆ ಕಲಸುತ್ತಿದ್ದಳು.
ಹಿಡಿಯನ್ನು ಕಾಲು ಸುತ್ತು ತಿರುಗಿಸಿದಳು.
ಈ ಚಿಟ್ಟೆಗೆ ಇರುವುದು ಅಷ್ಟೇ ಆಕಾಶ:
ತೊಂಬತ್ತು ಡಿಗ್ರಿ, ಹೋಗಿ ಬರಲು.
ಗಾಳಿ ಬಿಟ್ಟಳು. ಮಾಪಕದ ಮುಳ್ಳು ನಿಂತಲ್ಲೇ ನಿಂತಿತು.
"ಪಾಸಾಯಿತಲ್ಲ" ಎಂದೆ.
"ಸುಮ್ಮನಿರು" ಎಂದಳು.

ಕ್ರೇನು ನಿಂತಿತ್ತು. ನದಿ ಕಡಲು ಸೇರುವ ಕಡೆಯಿಂದ
ತಗಡಿನ ಬಾಗಿಲಿಗೆ ಗಾಳಿ ಬಡಿಯುತ್ತಿತ್ತು.
ಎಷ್ಟೋ ಹೊತ್ತಿನ ಮೇಲೆ
ರಬ್ಬರಿನ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ
ಹುಟ್ಟಿತು, ಊದಿಕೊಂಡಿತು, ಒಡೆಯಿತು.
ಅದೇ ಜಾಗದಲ್ಲಿ ಇನ್ನೊಂದು.

"ತೆರೆಯೋದು ಯಾರಿಗೆ ಬರಲ್ಲ ಹೇಳು,
ಮುಚ್ಚೋದೇ ಕಷ್ಟ" ಅಂದಳು,
ಗಾಳಿ ಇಳಿಸಿ, ತಟ್ಟೆ ಹೊರಳಿಸಿ,
ಹುಬ್ಬು ಕೀಳುವ ಚಿಮಟದಿಂದ
ಏನನ್ನೋ ಎತ್ತಿ ಬೆಳಕಿಗೆ ಹಿಡಿದಳು.
ಒಂದು ಕೂದಲು. ಬೂದು ಬಣ್ಣದ್ದು.

"ನಾಬಿ!" ಎಂದು ಬೈದಳು.
ಬೆಕ್ಕಿಗೋ ವಾಲ್ವಿಗೋ ತಿಳಿಯಲಿಲ್ಲ.
ಘರ್ತಿ ನಕ್ಕ. ನಾನು ಫೋಟೋ ತೆಗೆಯುವುದನ್ನು ಮರೆತೆ.

ಮೇಲೆ ಹೋಗಿ
ನಾಲ್ಕನ್ನು ಅಳಿಸಿ ಮೂರು ಮಾಡಿದೆ.
ಯಾವ ಮೂರು ಎಂದು ಕೇಳಿದರೆ?
ಮತ್ತೆ ನಾಲ್ಕು ಮಾಡಿದೆ.
ನನಗೂ ಮನೆಯ ಸಾಲದ ಕಂತಿದೆ.

ಕೊನೆಯಲ್ಲಿ ಅಪಾಯಗಳ ಪಟ್ಟಿ:
ಉಕ್ಕಿನ ಬೆಲೆ, ಡಾಲರಿನ ದರ, ಯುದ್ಧ.
ಕೆಳಗೆ ಒಂದು ಸಾಲು ಖಾಲಿ ಉಳಿದಿತ್ತು.
ಕೂದಲು, ಎಂದು ತುಂಬಿದೆ.

ಗುರುವಾರ ಅದರ ಬಗ್ಗೆ ಯಾರೂ ಕೇಳಲಿಲ್ಲ.
ಮೂವತ್ತೊಂದಕ್ಕೆ ಚಪ್ಪಾಳೆ ಬಿತ್ತು.
ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡು
ಗೆರೆ ಇನ್ನೂ ಸ್ವಲ್ಪ ಏರಬಹುದಿತ್ತಲ್ಲ, ಎಂದರು.

ಕಿಟಕಿಯಿಂದ ಅಂಗಳ ಕಾಣುತ್ತಿತ್ತು.
ಒಮಾನಿಗೆ ಹೋಗುವ ಮರದ ಪೆಟ್ಟಿಗೆಗಳು.
ಮುಚ್ಚಳ ಬಡಿಯುವ ಮುನ್ನ ಗು ಮಲ್‌ಸುನ್
ಒಂದೊಂದರೊಳಗೂ ಬಗ್ಗಿ ನೋಡುತ್ತಿದ್ದಳು,
ಯಾರಾದರೂ ಮಲಗಿದ್ದಾರೇನೋ ಎಂದು.